ಬಟ್ಟೆಯ ಹಿಂದಿನ ಗೋಡೆ: ಕರ್ಟನ್ ಫಿಟ್ಟರ್‌ನ ಅನುಭವದ ಪಾಠಗಳು

ಕರ್ಟನ್ ಎಂದರೆ ಜನ ಬಟ್ಟೆ ನೋಡುತ್ತಾರೆ. ಚಿಕ್ಕಪೇಟೆಯಲ್ಲಿ ಅರ್ಧ ದಿನ ಕೂತು ಬಣ್ಣ ಆರಿಸುತ್ತಾರೆ. ಬೆಂಗಳೂರಿನ ಮನೆಗಳಿಗೆ ಅದನ್ನು ತೂಗುಹಾಕುವ ನನ್ನ ಕಣ್ಣಿರುವುದು ಗೋಡೆಯ ಮೇಲೆ. ಈ ಕೆಲಸಕ್ಕೆ ಬರುವ ಹುಡುಗರಿಗೂ ಮನೆ ಮಾಡಿಸುವವರಿಗೂ ಕೆಲವು ಮಾತು.

1. ಡ್ರಾಯಿಂಗ್‌ನಲ್ಲಿರುವ ಅಳತೆ ನಂಬಿ ಬಟ್ಟೆ ಕತ್ತರಿಸಬಾರದು. ಟೈಲ್ಸ್ ಕೂತ ಮೇಲೆ ಎತ್ತರ ಬದಲಾಗಿರುತ್ತದೆ. ಸ್ಟೀಲ್ ಟೇಪಿನಲ್ಲಿ ಎಡ, ನಡು, ಬಲ ಮೂರೂ ಕಡೆ ಅಳೆಯಿರಿ. ಮೂರೂ ಒಂದೇ ಬರುವ ಮನೆ ಅಪರೂಪ. ಅದರಲ್ಲಿ ಕಡಿಮೆ ಬಂದದ್ದನ್ನು ಹಿಡಿದು, ನೆಲದಿಂದ ಅರ್ಧ ಇಂಚು ಮೇಲೆ ನಿಲ್ಲುವಂತೆ ಹೊಲಿಸಿ. ಹತ್ತಿ ಬಟ್ಟೆಯಾದರೆ ಮೊದಲ ಒಗೆತಕ್ಕೇ ಕುಗ್ಗುತ್ತದೆ, ಕೆಳಮಡಿಕೆಯಲ್ಲಿ ಹೆಚ್ಚು ಬಟ್ಟೆ ಬಿಡಿಸಿಕೊಳ್ಳಿ.

2. ಬಟ್ಟೆಯಲ್ಲಿ ಉಳಿತಾಯ ಬೇಡ. ಐಲೆಟ್ ಕರ್ಟನ್‌ಗೆ ರಾಡಿನ ಉದ್ದದ ಎರಡರಷ್ಟು ಅಗಲ ಬೇಕು. 8 ಅಡಿ ರಾಡಿಗೆ 48 ಇಂಚು ಪನ್ನದ ಬಟ್ಟೆ ನಾಲ್ಕು ಪಟ್ಟಿ, ಆ ಕಡೆ ಎರಡು, ಈ ಕಡೆ ಎರಡು. ಮೂರರಲ್ಲಿ ಮುಗಿಸಿದರೆ ನೆರಿಗೆ ಬೀಳದೆ ಒಣಗಹಾಕಿದ ಬೆಡ್‌ಶೀಟಿನ ಹಾಗೆ ನಿಲ್ಲುತ್ತದೆ. ಐಲೆಟ್ ಸಂಖ್ಯೆ ಸಮವಾಗಿರಲಿ. ಆಗ ಎರಡೂ ಅಂಚು ಗೋಡೆಯ ಕಡೆಗೆ ತಿರುಗುತ್ತವೆ.

3. ಡ್ರಿಲ್ ಮಾಡುವಾಗ ಉದುರುವ ಪುಡಿ ನೋಡಿ. ಕೆಂಪಾದರೆ ಇಟ್ಟಿಗೆ. ಬೂದು ಬಣ್ಣದ್ದಾಗಿ, ಬಿಟ್ ನಿಧಾನವಾಗಿ ಇಳಿದರೆ ಕಾಂಕ್ರೀಟ್ ಲಿಂಟಲ್. ಕಿಟಕಿಯ ನೆತ್ತಿಯಲ್ಲಿ ಅದು ಇದ್ದೇ ಇರುತ್ತದೆ. ನಡುವೆ ಬಿಟ್ ಗಕ್ಕನೆ ನಿಂತರೆ ಒಳಗೆ ಕಬ್ಬಿಣದ ಸರಳಿದೆ. ಅಲ್ಲಿ ಬಲ ಹಾಕಬೇಡಿ, ಬ್ರಾಕೆಟ್ಟನ್ನು ಒಂದಿಂಚು ಸರಿಸಿ. ಹೊಸ ಅಪಾರ್ಟ್‌ಮೆಂಟ್‌ಗಳ ಹಗುರವಾದ ಎಎಸಿ ಬ್ಲಾಕ್ ಗೋಡೆಗೆ ಡ್ರಿಲ್ಲಿನ ಹ್ಯಾಮರ್ ಹಾಕಿದರೆ ತೂತು ಅಗಲವಾಗಿ ಪ್ಲಗ್ ಲೊಡಲೊಡ ಆಡುತ್ತದೆ. ಹ್ಯಾಮರ್ ಆಫ್ ಮಾಡಿ ಬರೀ ತಿರುಗಿಸಿ. ಪ್ಲಗ್ ಉದ್ದದ್ದು ಬೇಕು. ಗಾರೆಯ ದಪ್ಪದಲ್ಲೇ ಮುಗಿದುಹೋಗುವ ಪ್ಲಗ್ ಯಾವ ಗೋಡೆಯಲ್ಲೂ ನಿಲ್ಲುವುದಿಲ್ಲ: ಮಕ್ಕಳು ಒಮ್ಮೆ ಜೋತುಬಿದ್ದರೆ ರಾಡು, ಬ್ರಾಕೆಟ್, ಗಾರೆ ಎಲ್ಲ ಒಟ್ಟಿಗೆ ಕೆಳಗೆ ಬರುತ್ತದೆ. ರಾಡು 6 ಅಡಿ ದಾಟಿದರೆ ನಡುವೆ ಮೂರನೇ ಬ್ರಾಕೆಟ್ ಕೊಡಿ. ಸ್ವಿಚ್ ಅಥವಾ ಎಸಿ ಪಾಯಿಂಟಿನ ನೇರ ಮೇಲೆ, ಕೆಳಗೆ ಡ್ರಿಲ್ ಮುಟ್ಟಿಸಬೇಡಿ, ವೈರಿನ ಪೈಪು ಅದೇ ಗೆರೆಯಲ್ಲಿ ಹೋಗಿರುತ್ತದೆ.

4. ಫಾಲ್ಸ್ ಸೀಲಿಂಗಿನ ಜಿಪ್ಸಮ್ ಬೋರ್ಡ್ ಕರ್ಟನ್ ಭಾರ ಹೊರುವುದಿಲ್ಲ. ಮೇಲೆ ಪ್ಲೈವುಡ್ ಇರಬೇಕು, ಇಲ್ಲವೇ ಟ್ರ್ಯಾಕ್ ನೇರವಾಗಿ ಸ್ಲ್ಯಾಬಿಗೆ ಕೂರಬೇಕು. ತೆಳು ಶಿಯರ್, ದಪ್ಪ ಬಟ್ಟೆ ಎರಡೂ ಬೇಕೆನ್ನುವವರು ಗೋಡೆಯಿಂದ 8 ಇಂಚು ಜಾಗ ಬಿಡಿಸಬೇಕು. ಇದನ್ನು ಫಾಲ್ಸ್ ಸೀಲಿಂಗ್ ಮುಚ್ಚುವ ಮೊದಲೇ ಹೇಳಬೇಕು. ಡಿಸೈನರ್‌ಗಳು ಆ ಹಂತದಲ್ಲಿ ನಮ್ಮನ್ನು ಹತ್ತು ನಿಮಿಷ ಸೈಟಿಗೆ ಕರೆದರೆ, ಪೇಂಟ್ ಆದ ಮೇಲೆ ಸೀಲಿಂಗ್ ಕತ್ತರಿಸುವ ಪ್ರಮೇಯವೇ ಬರದು.

5. ಆಷಾಢದಲ್ಲಿ ಗೃಹಪ್ರವೇಶವಿಲ್ಲ, ನಮಗೂ ಕೆಲಸ ಕಡಿಮೆ. ಶ್ರಾವಣಕ್ಕೆ ಎಲ್ಲರೂ ಒಟ್ಟಿಗೆ ಕರೆಯುತ್ತಾರೆ. ಆ ಬಿಡುವಿನ ತಿಂಗಳಿಗೆ ಮೊದಲೇ ದುಡ್ಡು ಎತ್ತಿಟ್ಟುಕೊಳ್ಳಿ.

6. ಮಾಸ್ಕ್ ಇಲ್ಲದೆ ತಲೆಯ ಮೇಲೆ ಡ್ರಿಲ್ ಹಿಡಿಯಬೇಡಿ. ಸಿಮೆಂಟ್ ಧೂಳು ಶ್ವಾಸಕೋಶ ಬಿಟ್ಟು ಹೋಗದು. ಎರಡಂತಸ್ತಿನ ಎತ್ತರದ ಹಾಲ್‌ಗೆ ಸಾರವೆ ಕೇಳಿ, ಕೊಡದಿದ್ದರೆ ಕೆಲಸ ಒಪ್ಪಬೇಡಿ.

7. ರೋಲರ್, ಜೀಬ್ರಾ ಬ್ಲೈಂಡ್‌ಗಳ ಮಣಿಸರ ಕುಣಿಕೆಯಾಗಿ ನೇತಾಡುತ್ತದೆ. ಪುಟ್ಟ ಮಕ್ಕಳ ಕುತ್ತಿಗೆಗೆ ಅದು ಸಿಕ್ಕಿ ಹಲವು ದೇಶಗಳಲ್ಲಿ ಸಾವುಗಳಾಗಿವೆ. ಹಗ್ಗದ ಬ್ಲೈಂಡ್ ಆದರೆ, ಹಗ್ಗ ಸುತ್ತಿಡುವ ಕೊಕ್ಕೆ ನೆಲದಿಂದ ಕನಿಷ್ಠ ಒಂದೂವರೆ ಮೀಟರ್ ಮೇಲಿರಬೇಕೆನ್ನುತ್ತದೆ ಯುರೋಪಿನ ಮಾನದಂಡ. ಮಣಿಸರವಾದರೆ, ಅದನ್ನು ಬಿಗಿಯಾಗಿ ಗೋಡೆಗೆ ಹಿಡಿಸುವ ಕ್ಲಿಪ್ ಬ್ಲೈಂಡ್ ಜೊತೆಗೇ ಬಂದಿದ್ದರೂ ಎಷ್ಟೋ ಮನೆಗಳಲ್ಲಿ ಅದು ಪ್ಯಾಕೆಟ್ಟಿನಲ್ಲೇ ಉಳಿದಿರುತ್ತದೆ. ನಿಮ್ಮ ಮನೆಯಲ್ಲಿ ಬ್ಲೈಂಡ್ ಇದ್ದರೆ, ಮಗುವೂ ಇದ್ದರೆ, ಆ ಕ್ಲಿಪ್ ಹುಡುಕಿ ಇವತ್ತೇ ಹಾಕಿಸಿ. ತೊಟ್ಟಿಲು, ಮಂಚಗಳನ್ನು ಆ ಕಿಟಕಿಯಿಂದ ದೂರ ಸರಿಸಿ.