ನಮ್ಮ ಬೆಟ್ಟದ ಚರಿತ್ರೆಯನ್ನು ಹುಡುಕೋಣ

ಮಕ್ಕಳೇ, ನೀವು ದಿಂಬಂ ಘಟ್ಟ ಇಳಿದು ಸತ್ಯಮಂಗಲಕ್ಕೆ ಹೋಗಿದ್ದೀರಾ? ಆ ದಾರಿಯಲ್ಲಿ 27 ದೊಡ್ಡ ತಿರುವುಗಳಿವೆ. ಘಟ್ಟದ ಕೆಳಗೆ ಹೆಚ್ಚಾಗಿ ತಮಿಳು ಕೇಳಿಸುತ್ತದೆ. ಘಟ್ಟದ ಮೇಲೆ ನಮ್ಮ ತಾಳವಾಡಿಯಲ್ಲಿ ಕನ್ನಡ ಕೇಳಿಸುತ್ತದೆ. ನಮ್ಮದು ತಮಿಳುನಾಡಿನ ಈರೋಡ್ ಜಿಲ್ಲೆ. ಆದರೂ ನಾವು ಕನ್ನಡದಲ್ಲಿ ಓದುತ್ತೇವೆ. ಇದು ಹೇಗಾಯಿತು? ಉತ್ತರ ತಿಳಿಯಲು ಚರಿತ್ರೆಯನ್ನು ಹುಡುಕಬೇಕು.

1799ರ ಮೇ 4ರಂದು ಶ್ರೀರಂಗಪಟ್ಟಣದ ಯುದ್ಧದಲ್ಲಿ ಟಿಪ್ಪು ಸುಲ್ತಾನನು ಮಡಿದನು. ಅವನ ಆಳ್ವಿಕೆಯಲ್ಲಿದ್ದ ಕೊಯಮತ್ತೂರು ಸೀಮೆಯು ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ಹೊಸ ನಾಡಿನಲ್ಲಿ ಏನು ಬೆಳೆಯುತ್ತದೆ? ಜನರು ಯಾವ ಕಸುಬು ಮಾಡುತ್ತಾರೆ? ಇದನ್ನೆಲ್ಲ ತಿಳಿಯಲು ಗವರ್ನರ್ ಜನರಲ್ ವೆಲ್ಲೆಸ್ಲಿಯು 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳುಹಿಸಿದನು.

ಬುಕಾನನ್ ಸ್ಕಾಟ್ಲೆಂಡ್ ದೇಶದವನು. ಅವನು ಮದ್ರಾಸಿನಿಂದ ಹೊರಟು ಮೈಸೂರು, ಕೊಯಮತ್ತೂರು, ಮಲಬಾರು ಸೀಮೆಗಳನ್ನು ಸುತ್ತಿದನು. ಕೊಳ್ಳೇಗಾಲಕ್ಕೂ ಸತ್ಯಮಂಗಲಕ್ಕೂ ಬಂದಿದ್ದನು. ರೈತರು, ನೇಕಾರರು, ಕಬ್ಬಿಣ ಕರಗಿಸುವವರು ಇವರನ್ನೆಲ್ಲ ಪ್ರಶ್ನೆ ಕೇಳಿ, ಉತ್ತರಗಳನ್ನು ಬರೆದುಕೊಂಡನು. ಆ ಬರಹವು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು.

ಅದರಲ್ಲಿ ದಣಾಯಕನಕೋಟೆಯ ಹೆಸರೂ ಇದೆ. 1955ರಲ್ಲಿ ಭವಾನಿಸಾಗರ ಅಣೆಕಟ್ಟು ಮುಗಿಯಿತು. ಆ ಕೋಟೆ ಜಲಾಶಯದಲ್ಲಿ ಮುಳುಗಿತು. ನೀರು ತುಂಬ ಇಳಿದಾಗ ಮಾತ್ರ ಅಲ್ಲಿನ ಹಳೆಯ ದೇವಾಲಯ ಕಾಣುತ್ತದೆ. ಮುಳುಗಿದ ಊರನ್ನು ತಿಳಿಯಲು ಇಂತಹ ಪುಸ್ತಕಗಳು ನೆರವಾಗುತ್ತವೆ.

ಹಾಗಾದರೆ ಪುಸ್ತಕದಲ್ಲಿ ಇರುವುದೆಲ್ಲ ನಿಜವೇ? ಸ್ವಲ್ಪ ಯೋಚಿಸಿ. ಕಂಪನಿಯ ಮನುಷ್ಯನು ಬಂದು, "ನಿನ್ನ ಹೊಲದಲ್ಲಿ ಎಷ್ಟು ರಾಗಿ ಬೆಳೆಯುತ್ತದೆ?" ಎಂದು ಕೇಳಿದರೆ ರೈತನು ಏನು ಹೇಳಬಹುದು? ಹೆಚ್ಚು ಎಂದರೆ ಕಂದಾಯ ಏರೀತು ಎಂದು ಹೆದರಿ ಕಡಿಮೆ ಹೇಳಬಹುದಲ್ಲವೇ? ಆದುದರಿಂದ ವಿದ್ವಾಂಸರು ಹಳೆಯ ಬರಹ ಓದುವಾಗ ಮೂರು ಪ್ರಶ್ನೆ ಕೇಳುತ್ತಾರೆ. ಬರೆದವರು ಯಾರು? ಯಾರಿಗಾಗಿ ಬರೆದರು? ಇದರಲ್ಲಿ ಯಾರ ಮಾತು ಸೇರಿಲ್ಲ?

ಅವರು ಒಂದೇ ಪುಸ್ತಕವನ್ನು ನಂಬುವುದಿಲ್ಲ. ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ದಾಖಲೆಗಳ ಭಂಡಾರದಲ್ಲಿ ಹಳೆಯ ಸರಕಾರಿ ಕಾಗದಗಳನ್ನು ಓದುತ್ತಾರೆ. ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿಯೂ ಕಂಪನಿಯ ಕಾಗದಗಳಿವೆ. ಜೊತೆಗೆ ಶಾಸನಗಳನ್ನು ನೋಡುತ್ತಾರೆ. ಹಿರಿಯರ ಮಾತು, ಸೋಲಿಗರ ಹಾಡು ಕೇಳುತ್ತಾರೆ. ಎಲ್ಲವನ್ನೂ ಹೋಲಿಸಿ ನೋಡುತ್ತಾರೆ.

ಹಳೆಯ ದಾಖಲೆಗಳಲ್ಲಿ ನಮ್ಮ ಪ್ರಶ್ನೆಗೂ ಉತ್ತರವಿದೆ. ಇಂಗ್ಲಿಷರ ಕಾಲದಲ್ಲಿ ಕೊಳ್ಳೇಗಾಲವೂ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ಭಾಷೆಯ ಆಧಾರದ ಮೇಲೆ ರಾಜ್ಯಗಳು ರಚನೆಯಾದವು. ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಸೇರಿತು. ತಾಳವಾಡಿಯು ಮದ್ರಾಸ್ ರಾಜ್ಯದಲ್ಲಿಯೇ ಉಳಿಯಿತು. ಮದ್ರಾಸ್ ರಾಜ್ಯಕ್ಕೆ 1969ರಲ್ಲಿ ತಮಿಳುನಾಡು ಎಂಬ ಹೆಸರು ಬಂದಿತು. 1979ರಲ್ಲಿ ಕೊಯಮತ್ತೂರಿನಿಂದ ನಮ್ಮ ಜಿಲ್ಲೆ ಬೇರೆಯಾಯಿತು. ಬೆಟ್ಟ ಇದ್ದಲ್ಲಿಯೇ ಇದೆ. ನಮ್ಮ ಮನೆಮಾತೂ ಉಳಿದಿದೆ. ಬದಲಾದುದು ಗಡಿ ಮಾತ್ರ.

ಮಕ್ಕಳೇ, ಅಂದು ಬುಕಾನನ್ ಈ ಸೀಮೆಯ ಹಿರಿಯರನ್ನು ಕೇಳಿ ಬರೆದನು. ಅವನು ಬರೆದುದು ಕಂಪನಿಗಾಗಿ. ಇಂದು ನೀವು ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ ಬರೆಯಿರಿ. ಅದು ನಮ್ಮ ಊರಿಗಾಗಿ. ಹೇಳಿದವರ ಹೆಸರನ್ನೂ ದಿನಾಂಕವನ್ನೂ ಮರೆಯದೆ ಬರೆದಿಡಿ. ಮುಂದೆ ಅದೂ ಒಂದು ದಾಖಲೆಯಾದೀತು.

ಪದಗಳ ಅರ್ಥ

ಸೀಮೆ – ಪ್ರದೇಶ
ಕಂದಾಯ – ಭೂಮಿಯ ತೆರಿಗೆ
ಸಂಪುಟ – ದೊಡ್ಡ ಗ್ರಂಥದ ಒಂದು ಭಾಗ
ಶಾಸನ – ಕಲ್ಲು ಅಥವಾ ತಾಮ್ರದ ಮೇಲಿನ ಬರಹ
ದಾಖಲೆ – ಬರೆದಿಟ್ಟ ಆಧಾರ

ಅಭ್ಯಾಸ

1. ಬುಕಾನನ್‌ನನ್ನು ಕಳುಹಿಸಿದವರು ಯಾರು? ಏಕೆ?
2. ರೈತನು ಬೆಳೆಯ ಲೆಕ್ಕವನ್ನು ಕಡಿಮೆ ಹೇಳಲು ಕಾರಣವೇನು?
3. ವಿದ್ವಾಂಸರು ಕೇಳುವ ಮೂರು ಪ್ರಶ್ನೆಗಳನ್ನು ಬರೆಯಿರಿ.
4. 1956ರಲ್ಲಿ ಕೊಳ್ಳೇಗಾಲ ಯಾವ ರಾಜ್ಯಕ್ಕೆ ಸೇರಿತು?

ಚಟುವಟಿಕೆ: ನಿಮ್ಮ ಊರಿಗೆ ಆ ಹೆಸರು ಹೇಗೆ ಬಂದಿತು? ಇಬ್ಬರು ಹಿರಿಯರನ್ನು ಬೇರೆ ಬೇರೆಯಾಗಿ ಕೇಳಿರಿ. ಅವರ ಉತ್ತರಗಳನ್ನು ಹೋಲಿಸಿ ತರಗತಿಯಲ್ಲಿ ಹೇಳಿರಿ.