ಸರಾಸರಿ ಹತ್ತು ನಿಮಿಷ ತಡ

ಪುಟ್ಟಿ, ನಿನ್ನೆ ಫೋನಿನಲ್ಲಿ ನೀನು ಮುಖ ಊದಿಸಿಕೊಂಡದ್ದು ನನಗೆ ಇಲ್ಲಿಗೇ ಕಾಣಿಸಿತು. ಮಾನಕ ವಿಚಲನೆಯ ಲೆಕ್ಕಕ್ಕೆ ಐದಕ್ಕೆ ಒಂದೂವರೆ ಅಂಕ. "ಸೂತ್ರ ಬಾಯಿಪಾಠ ಇದೆ ಅತ್ತೆ, ಆದ್ರೂ ತಪ್ಪಾಯ್ತು" ಅಂದೆ. ಬಾಯಿಪಾಠ ಆದದ್ದೇ ಎಡವಟ್ಟು ಕಣೇ. ಮೂವತ್ತೊಂದು ವರ್ಷ ಪಿಯು ಕಾಲೇಜಿನಲ್ಲಿ ಇದನ್ನೇ ಪಾಠ ಮಾಡಿದವಳು ನಾನು. ಮೊದಲ ಹತ್ತು ವರ್ಷ ನಾನೂ ಬೋರ್ಡಿನ ಮೇಲೆ ಸೂತ್ರ ಬರೆದೇ ಶುರು ಮಾಡುತ್ತಿದ್ದೆ. ಆಗಿನ ಮಕ್ಕಳು ಈಗ ಸಂತೆಯಲ್ಲೋ ಮದುವೆಮನೆಯಲ್ಲೋ ಸಿಕ್ಕು "ಮೇಡಂ" ಎಂದು ಕಾಲಿಗೆರಗಿದರೆ ಒಳಗೊಳಗೇ ನಾಚಿಕೆಯಾಗುತ್ತದೆ. ಅದಕ್ಕೇ ಇವತ್ತು ಸೂತ್ರದ ಮಾತು ಆಮೇಲೆ. ಮೊದಲು ಬಸ್‌ಸ್ಟ್ಯಾಂಡಿಗೆ ಹೋಗೋಣ.

ನಿಮ್ಮೂರಿಂದ ಕಾಲೇಜಿಗೆ ಎರಡು ಬಸ್ಸು ಅಂದುಕೋ. ಒಂದು ಗೌರ್ಮೆಂಟ್ ಬಸ್ಸು, ಇನ್ನೊಂದು ಪ್ರೈವೇಟು. ಐದು ದಿನ ನಿಂತು ನೋಡಿದೆ. ಗೌರ್ಮೆಂಟ್ ಬಸ್ಸು 9, 10, 10, 10, 11 ನಿಮಿಷ ತಡ. ಪ್ರೈವೇಟ್ ಬಸ್ಸು 0, 2, 8, 15, 25 ನಿಮಿಷ ತಡ. ಸರಾಸರಿ ತೆಗೆ: ಎರಡೂ ಹತ್ತೇ ನಿಮಿಷ. ಆದರೆ ಪರೀಕ್ಷೆಯ ದಿನ ಯಾವುದನ್ನು ಹತ್ತುತ್ತೀಯ? ಇದಕ್ಕೆ ನೀನು ಕ್ಯಾಲ್ಕುಲೇಟರ್ ಹುಡುಕುವುದಿಲ್ಲ. ದಿನಾ ಹತ್ತು ನಿಮಿಷ ತಡವಾಗುವ ಬಸ್ಸಾದರೆ ಮನೆಯಿಂದ ಹತ್ತು ನಿಮಿಷ ತಡವಾಗಿ ಹೊರಟರಾಯಿತು, ಇನ್ನೊಂದು ಲೋಟ ಕಾಫಿಯೂ ಆಗುತ್ತದೆ. ತಡದಲ್ಲೂ ಶಿಸ್ತಿದ್ದರೆ ಅಂಥ ಬಸ್ಸನ್ನು ನಂಬಬಹುದು. ಒಂದು ದಿನ ಸರಿಯಾದ ಸಮಯಕ್ಕೇ ಬಂದು, ಇನ್ನೊಂದು ದಿನ ಇಪ್ಪತ್ತೈದು ನಿಮಿಷ ಕಾಯಿಸುವುದರ ಜೊತೆ ಬಾಳುವುದು ಕಷ್ಟ. ಪುಸ್ತಕದಲ್ಲಿ 'ಪ್ರಸರಣದ ಅಳತೆಗಳು' ಎಂದು ತಲೆಬರಹ ಹಾಕಿದ್ದಾರಲ್ಲ, ಅದು ಈ ಎರಡು ಬಸ್ಸುಗಳ ನಡುವಿನ ವ್ಯತ್ಯಾಸವನ್ನು ಅಂಕಿಯಲ್ಲಿ ಹೇಳುವ ಪ್ರಯತ್ನ. ನಾನು ಅದನ್ನು ಚದುರುವಿಕೆ ಅನ್ನುತ್ತೇನೆ, ಅಂಗಳದಲ್ಲಿ ರಾಗಿ ಹರವಿದ ಹಾಗೆ.

ಹೇಗೆ ಅಳೆಯುವುದು? ಮೊದಲು ಹೊಳೆಯುವುದು ದೊಡ್ಡದರಲ್ಲಿ ಚಿಕ್ಕದನ್ನು ಕಳೆಯುವುದು. ಅದೇ ವ್ಯಾಪ್ತಿ. ಗೌರ್ಮೆಂಟ್ ಬಸ್ಸಿಗೆ 2, ಪ್ರೈವೇಟಿಗೆ 25. ಸುಲಭ, ಆದರೆ ಎರಡು ತುದಿಯವರನ್ನು ಮಾತ್ರ ಕೇಳಿ ಊರಿನ ಸುದ್ದಿ ಬರೆದ ಹಾಗೆ. ಮುಂದೆ ಹೋಗೋಣ.

ಎಲ್ಲರನ್ನೂ ಕೇಳಬೇಕೆಂದರೆ ಪ್ರತಿಯೊಂದೂ ಸರಾಸರಿಯಿಂದ ಎಷ್ಟು ದೂರ ನಿಂತಿದೆ ಎಂದು ಬರೆ. ಪ್ರೈವೇಟ್ ಬಸ್ಸಿಗೆ ಅವು −10, −8, −2, 5, 15. ಕೂಡಿಸಿದರೆ ಸೊನ್ನೆ. ಇದು ಆಕಸ್ಮಿಕವಲ್ಲ, ಸರಾಸರಿ ಎಂದರೇ ತಕ್ಕಡಿಯ ಮುಳ್ಳು ನೆಟ್ಟಗೆ ನಿಲ್ಲುವ ಜಾಗ, ಈ ಕಡೆಯ ಭಾರ ಆ ಕಡೆಯ ಭಾರ ಸಮ. ಪರೀಕ್ಷೆಯಲ್ಲಿ ಈ ಕಾಲಂ ಬರೆದ ಕೂಡಲೇ ಕೂಡಿಸಿ ನೋಡು. ಸೊನ್ನೆ ಬರದಿದ್ದರೆ ಅಲ್ಲೇ ನಿಲ್ಲು, ಮುಂದಿನದೆಲ್ಲ ವ್ಯರ್ಥ. ಐದು ಸೆಕೆಂಡಿನ ಕೆಲಸ ಇದು. ನಿನ್ನ ಪೇಪರಿನ ಫೋಟೋದಲ್ಲಿ ಇದೇ ಕಾಲಂನ ಮೊತ್ತ 3 ಇತ್ತು, ನೀನು ನೋಡಿಯೇ ಇರಲಿಲ್ಲ.

ಸೊನ್ನೆಯಾಗುವುದನ್ನು ತಪ್ಪಿಸಲು ಎರಡು ದಾರಿ. ಮೈನಸ್ ಚಿಹ್ನೆ ಕೈಬಿಟ್ಟು ದೂರವನ್ನಷ್ಟೇ ಕೂಡಿಸುವುದು ಒಂದು: 40 ಭಾಗಿಸು 5, ಅಂದರೆ 8 ನಿಮಿಷ. ಇದು ಸರಾಸರಿ ವಿಚಲನೆ. ಇನ್ನೊಂದು ದಾರಿ ವರ್ಗ ಮಾಡುವುದು: 100, 64, 4, 25, 225, ಒಟ್ಟು 418, ಐದರಿಂದ ಭಾಗಿಸಿದರೆ 83.6. ಇದನ್ನು ವೇರಿಯನ್ಸ್ ಅನ್ನುತ್ತಾರೆ. ಆದರೆ ಇದರ ಅಳತೆ ನಿಮಿಷದಲ್ಲಿಲ್ಲ, 'ನಿಮಿಷದ ವರ್ಗ'ದಲ್ಲಿದೆ. ಅಂಥದ್ದನ್ನು ಯಾವ ಗಡಿಯಾರವೂ ತೋರಿಸುವುದಿಲ್ಲ. ಅದಕ್ಕೇ ಕೊನೆಗೆ ವರ್ಗಮೂಲ ತೆಗೆದು ನಿಮಿಷಕ್ಕೆ ಹಿಂತಿರುಗುತ್ತೇವೆ: 9.14 ನಿಮಿಷ. ಇದೇ ನಿನ್ನ ಮಾನಕ ವಿಚಲನೆ, ಸಿಗ್ಮಾ. ಗೌರ್ಮೆಂಟ್ ಬಸ್ಸಿಗೆ ಅದು ಬರೀ 0.63. ಕಾರ್ಲ್ ಪಿಯರ್ಸನ್ ಎಂಬ ಇಂಗ್ಲೆಂಡಿನವನು 1890ರ ದಶಕದಲ್ಲಿ ಇದಕ್ಕೆ ಈಗಿನ ಹೆಸರಿಟ್ಟ.

ಪ್ರತಿ ಬ್ಯಾಚಿನಲ್ಲೂ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬರುತ್ತಿತ್ತು: "ಮೈನಸ್ ಬಿಟ್ಟರೆ ಸಾಕಾಗಿತ್ತಲ್ಲ ಮೇಡಂ, ವರ್ಗ ಮಾಡಿ ಮತ್ತೆ ಮೂಲ ತೆಗೆಯೋ ಉಸಾಬರಿ ಯಾಕೆ?" ಮೊದಮೊದಲು ನಾನು "ಸಿಲಬಸ್‌ನಲ್ಲಿದೆ" ಎಂದು ಬಾಯಿ ಮುಚ್ಚಿಸುತ್ತಿದ್ದೆ. ನಿನಗೆ ಸರಿಯಾದ ಉತ್ತರ ಕೊಡುತ್ತೇನೆ, ಸಾವಧಾನವಾಗಿ ಓದು.

418ರಲ್ಲಿ 225 ಒಂದೇ ದಿನದ್ದು, ಇಪ್ಪತ್ತೈದು ನಿಮಿಷ ಕಾಯಿಸಿದ ದಿನದ್ದು. ಅರ್ಧಕ್ಕಿಂತ ಹೆಚ್ಚು ಭಾರ ಅದೊಂದೇ ಹೊತ್ತಿದೆ. ಮೈನಸ್ ಬಿಟ್ಟ ಲೆಕ್ಕದಲ್ಲಿ ಅದರ ಪಾಲು 40ಕ್ಕೆ 15 ಮಾತ್ರ. ಅಂದರೆ ವರ್ಗ ಮಾಡಿದಾಗ ಸಣ್ಣ ತಪ್ಪು ಪಿಸುಗುಟ್ಟುತ್ತದೆ, ದೊಡ್ಡ ತಪ್ಪು ಕೂಗಿ ಹೇಳುತ್ತದೆ. ಬದುಕಿನಲ್ಲೂ ಎರಡು ನಿಮಿಷದ ತಡವನ್ನು ಯಾರೂ ನೆನಪಿಡುವುದಿಲ್ಲವಲ್ಲ.

ಇನ್ನೊಂದು ಕಾರಣ ಇದಕ್ಕಿಂತ ಚೆಂದ. ಈಗ ಸರಾಸರಿ ಬಿಟ್ಟು ಮಧ್ಯಾಂಕದಿಂದ, ಅಂದರೆ 8ರಿಂದ, ದೂರ ಅಳೆದು ನೋಡು. ಮೈನಸ್ ಬಿಟ್ಟ ದೂರಗಳು 8, 6, 0, 7, 17, ಮೊತ್ತ 38. ಸರಾಸರಿಯಿಂದ ಅಳೆದಾಗ ಅದು 40 ಇತ್ತು. ಅದೇ ವರ್ಗಗಳನ್ನು ಕೂಡಿಸಿದರೆ 64, 36, 0, 49, 289, ಒಟ್ಟು 438. ಸರಾಸರಿಯಿಂದ 418 ಇತ್ತು. ಗಮನಿಸಿದೆಯಾ? ದೂರಗಳ ಮೊತ್ತ ತೀರಾ ಕಡಿಮೆಯಾಗುವುದು ಮಧ್ಯಾಂಕದಲ್ಲಿ, ವರ್ಗಗಳ ಮೊತ್ತ ತೀರಾ ಕಡಿಮೆಯಾಗುವುದು ಸರಾಸರಿಯಲ್ಲಿ. ಯಾವ ಅಂಕಿಗಳನ್ನು ತೆಗೆದುಕೊಂಡರೂ ಇದು ತಪ್ಪದು. ವರ್ಗವೂ ಸರಾಸರಿಯೂ ಹುಟ್ಟಾ ಜೋಡಿ. ಸರಾಸರಿಯ ಜೊತೆ ಸಿಗ್ಮಾ ಓಡಾಡುವುದು ಅದಕ್ಕೇ.

ಈ ಸಂಗತಿ ನಿನ್ನ ಇನ್ನೊಂದು ಗೊಂದಲವನ್ನೂ ಬಿಡಿಸುತ್ತದೆ. ಎಕ್ಸೆಲ್‌ನಲ್ಲಿ ಹಾಕಿದರೆ ಉತ್ತರ ಬೇರೆ ಬಂತು ಎಂದೆಯಲ್ಲ? ಈ ಬಸ್ಸಿನ ಅಂಕಿಗಳನ್ನು ಹಾಗೇ ಹಾಕಿದರೂ 9.14ರ ಬದಲು 10.22 ಬರುತ್ತದೆ. ಅಲ್ಲಿ ಎರಡು ಬಗೆ ಇವೆ. ನೀನು ಒತ್ತಿದ್ದು ಐದರ ಬದಲು ನಾಲ್ಕರಿಂದ ಭಾಗಿಸುವ ಬಗೆ. ನಿನಗೆ ಬೇಕಾದದ್ದು ಆ ಐದೇ ದಿನಗಳ ಕಥೆಯಾದರೆ ಐದರಿಂದ ಭಾಗಿಸು. ಐದು ದಿನ ನೋಡಿ ವರ್ಷವಿಡೀ ಬಸ್ಸು ಹೇಗಿರುತ್ತದೆಂದು ಅಂದಾಜು ಮಾಡುವುದಾದರೆ ನಾಲ್ಕರಿಂದ. ಯಾಕೆಂದರೆ ವರ್ಷದ ನಿಜವಾದ ಸರಾಸರಿ ನಿನಗೆ ಗೊತ್ತಿಲ್ಲ. ಈ ಐದರ ಸರಾಸರಿಯನ್ನೇ ಅದರ ಜಾಗದಲ್ಲಿ ಕೂರಿಸಿದ್ದೀಯ. ವರ್ಗಗಳ ಮೊತ್ತ ಅಲ್ಲಿಯೇ ಅತಿ ಕಡಿಮೆ ಎಂದು ಈಗಷ್ಟೇ ನೋಡಿದೆವು. ಹಾಗಾಗಿ 418 ನಿಜಕ್ಕಿಂತ ಕೊಂಚ ಕಡಿಮೆಯ ಕಡೆಗೇ ವಾಲುತ್ತದೆ, ಚಿಕ್ಕ ಸಂಖ್ಯೆಯಿಂದ ಭಾಗಿಸಿ ಅದನ್ನು ಸರಿದೂಗಿಸುತ್ತೇವೆ. ನಿನ್ನ ಪರೀಕ್ಷೆಗೆ ಪುಸ್ತಕ ಹೇಳಿದ್ದನ್ನೇ ಮಾಡು, ಮೌಲ್ಯಮಾಪಕರ ಜೊತೆ ವಾದಕ್ಕಿಳಿಯಬೇಡ.

ಲೆಕ್ಕ ತಪ್ಪುವ ಇನ್ನೊಂದು ಜಾಗ ಹೇಳಿಬಿಡುತ್ತೇನೆ. ವರ್ಗಗಳ ಮೊತ್ತ ಬೇರೆ, ಮೊತ್ತದ ವರ್ಗ ಬೇರೆ. 0, 2, 8, 15, 25ರ ವರ್ಗಗಳ ಮೊತ್ತ 918. ಐದರಿಂದ ಭಾಗಿಸಿದರೆ 183.6, ಸರಾಸರಿಯ ವರ್ಗ 100 ಕಳೆದರೆ ಮತ್ತದೇ 83.6. ವರ್ಗಮೂಲದ ಒಳಗೆ ಎಂದಾದರೂ ಮೈನಸ್ ಸಂಖ್ಯೆ ಬಂದರೆ ನೀನು ಇವೆರಡನ್ನೂ ಅದಲುಬದಲು ಮಾಡಿದ್ದೀಯ ಎಂದೇ ತಿಳಿ. ಉತ್ತರಪತ್ರಿಕೆ ತಿದ್ದುವಾಗ ನನ್ನ ಕೆಂಪು ಪೆನ್ನಿನ ಇಂಕು ಹೆಚ್ಚು ಖರ್ಚಾದದ್ದು ಇಲ್ಲಿಯೇ.

ಹಾಗೆಂದು ಸಿಗ್ಮಾವನ್ನು ಎಲ್ಲೆಲ್ಲೂ ಮೆರೆಸಬೇಡ. ಒಂದು ಅಂಗಡಿಯಲ್ಲಿ ಏಳು ಜನ. ಸಂಬಳ ಸಾವಿರದ ಲೆಕ್ಕದಲ್ಲಿ 12, 13, 14, 15, 16, 18, ಮತ್ತು ಮಾಲೀಕರ ಮಗನದ್ದು 94. ಸರಾಸರಿ 26 ಸಾವಿರ, ಅಷ್ಟು ಸಂಬಳದವರು ಅಲ್ಲಿ ಒಬ್ಬರೂ ಇಲ್ಲ. ಸಿಗ್ಮಾ 27.8 ಸಾವಿರ, ಸರಾಸರಿಗಿಂತ ಅದೇ ದೊಡ್ಡದು. 'ಸರಾಸರಿಯಿಂದ ಒಂದು ಸಿಗ್ಮಾ ಆಚೀಚೆ ಶೇ. 68 ಜನ' ಎಂಬ ಮಾತು ಕೇಳಿದ್ದೀಯಲ್ಲ, ಅದನ್ನಿಲ್ಲಿ ಹಚ್ಚಲು ಹೋದರೆ ಕೆಳಗಿನ ತುದಿಯ ಸಂಬಳ ಮೈನಸ್ ಸಾವಿರದ ಎಂಟುನೂರು! ಕೆಲಸಗಾರರೇ ಅಂಗಡಿಗೆ ದುಡ್ಡು ಕಟ್ಟಬೇಕು. ಆ 68ರ ಮಾತು ಗಂಟೆಯಾಕಾರದ ವಕ್ರರೇಖೆಗೆ ಮಾತ್ರ ಸಲ್ಲುವಂಥದ್ದು. ಇಂಥ ಕಡೆ ಚತುರ್ಥಕಗಳನ್ನು ಹಿಡಿ. ಸಾಲಾಗಿ ನಿಲ್ಲಿಸಿದಾಗ ಎರಡನೆಯವರ 13, ಆರನೆಯವರ 18. ವ್ಯತ್ಯಾಸದ ಅರ್ಧ ಎರಡೂವರೆ ಸಾವಿರ. ಅದು ಚತುರ್ಥಕ ವಿಚಲನೆ. ಮಗರಾಯನ ಸಂಬಳ 94 ಇರಲಿ, 9 ಲಕ್ಷವಿರಲಿ, ಇದು ಜಗ್ಗುವುದಿಲ್ಲ. ನಡುವಿನ ಜನ ಹೇಗಿದ್ದಾರೆಂದು ಕೇಳಿದರೆ ಇದು ನಿಜ ಹೇಳುತ್ತದೆ. ಮಗರಾಯನ ವಿಚಾರ ಕೇಳಿದರೆ ಬಾಯಿ ಬಿಡುವುದಿಲ್ಲ.

ಇನ್ನು ನಿನ್ನ ತಾತನ ಮಾತಿಗೆ ಬರುತ್ತೇನೆ. ಚಳ್ಳಕೆರೆ ಸೀಮೆಯ ಮಳೆಯಾಶ್ರಿತ ಹೊಲ, ಶೇಂಗಾ. ರೇಡಿಯೊದಲ್ಲಿ "ವಾಡಿಕೆ ಮಳೆಯಾಗಿದೆ" ಎಂದು ಬಂದರೆ ಅಪ್ಪ ರೇಡಿಯೊ ಕಡೆ ಒಂದು ನೋಟ ಬಿಟ್ಟು ಎದ್ದು ಹೋಗುತ್ತಿದ್ದರು. ಕಾಯಿ ಕಟ್ಟುವಾಗ ತಿಂಗಳು ಬಾರದೆ, ಬಳ್ಳಿ ಒಣಗಿದ ಮೇಲೆ ಒಂದೇ ವಾರದಲ್ಲಿ ಸುರಿದರೂ ಲೆಕ್ಕಕ್ಕೆ ಅದು ವಾಡಿಕೆ ಮಳೆಯೇ. ಅವರು ಶೇಂಗಾದ ನಡುವೆ ತೊಗರಿ, ಹರಳಿನ ಅಕ್ಕಡಿ ಸಾಲು ಬಿಡುತ್ತಿದ್ದುದು ಈ ಚದುರುವಿಕೆಯನ್ನು ಬಲ್ಲದ್ದರಿಂದಲೇ. ಒಂದು ಕೈಕೊಟ್ಟರೆ ಇನ್ನೊಂದಾದರೂ ಕೈಹಿಡಿಯಲಿ ಎಂದು.

ಮಲೆನಾಡಿನವರು ನಮ್ಮ ಮಳೆಯ ಏರುಪೇರನ್ನು ಕಂಡು ನಗುವುದುಂಟು. ಲೆಕ್ಕಕ್ಕೆಂದು ಅಂಕಿ ಕೊಡುತ್ತೇನೆ: ಅಲ್ಲಿನ ಒಂದೂರಿನ ಸರಾಸರಿ 4000 ಮಿಲಿಮೀಟರ್, ಸಿಗ್ಮಾ 600. ನಮ್ಮ ಕಡೆ ಸರಾಸರಿ 500, ಸಿಗ್ಮಾ 150. ಬರೀ ಸಿಗ್ಮಾ ನೋಡಿದರೆ ನಮ್ಮ ಮಳೆಯೇ ಸೌಮ್ಯ. ಆದರೆ ಸಿಗ್ಮಾವನ್ನು ಸರಾಸರಿಯಿಂದ ಭಾಗಿಸಿ ನೂರರಿಂದ ಗುಣಿಸು: ಅವರಿಗೆ ಶೇ. 15, ನಮಗೆ ಶೇ. 30. ಇದು ಮಾರ್ಪಿನ ಗುಣಾಂಕ. ಮಳೆ ಕಡಿಮೆಯಿರುವಲ್ಲೇ ಅದರ ಚಂಚಲತೆಯೂ ಹೆಚ್ಚು, ಇದು ಒಣಸೀಮೆಗಳಲ್ಲೆಲ್ಲ ಕಾಣುವ ಪಾಡು. ಇಡೀ ದೇಶದ ಮುಂಗಾರನ್ನು ಒಟ್ಟು ಹಿಡಿದರೆ ದೀರ್ಘಕಾಲದ ಸರಾಸರಿ ಸುಮಾರು 87 ಸೆಂಟಿಮೀಟರ್, ಅದರ ಮಾರ್ಪು ಶೇ. 10ರ ಆಸುಪಾಸು. ಅಷ್ಟು ದೊಡ್ಡ ದೇಶದಲ್ಲಿ ಒಬ್ಬರ ಕೊರತೆ ಇನ್ನೊಬ್ಬರ ಹೆಚ್ಚಳದಲ್ಲಿ ಕರಗಿಹೋಗುತ್ತದೆ. ಹವಾಮಾನ ಇಲಾಖೆ ಸರಾಸರಿಯ ಶೇ. 96ರಿಂದ 104ರ ಒಳಗಿದ್ದರೆ 'ಸಾಮಾನ್ಯ' ಎನ್ನುವುದು ಆ ಒಟ್ಟು ಲೆಕ್ಕಕ್ಕೆ. ಅಪ್ಪನ ಹೊಲ ಅದರೊಳಗೆ ಎಲ್ಲಿಯೂ ಕಾಣುವುದಿಲ್ಲ.

ಮಾರ್ಪಿನ ಗುಣಾಂಕ ಇಷ್ಟವಾಯಿತೆಂದು ಉಷ್ಣಾಂಶಕ್ಕೆ ಹಚ್ಚೀಯ, ಜೋಕೆ. 20 ಡಿಗ್ರಿ ಸೆಲ್ಸಿಯಸ್ ಸರಾಸರಿ, ಸಿಗ್ಮಾ 2 ಇದ್ದರೆ ಶೇ. 10. ಅದೇ ಹವೆಯನ್ನು ಫ್ಯಾರನ್‌ಹೀಟ್‌ನಲ್ಲಿ ಬರೆದರೆ 68ಕ್ಕೆ 3.6, ಶೇ. 5.3. ಹವೆ ಬದಲಾಗಲಿಲ್ಲ, ಥರ್ಮಾಮೀಟರ್ ಮಾತ್ರ ಬದಲಾಯಿತು. ಸೊನ್ನೆ ಎಂದರೆ ನಿಜಕ್ಕೂ 'ಏನೂ ಇಲ್ಲ' ಎಂದಾಗುವ ಕಡೆ ಮಾತ್ರ ಅದನ್ನು ಬಳಸು. ಮಳೆ, ಸಂಬಳ, ತೂಕಕ್ಕೆ ಸರಿ.

ಅಂದಹಾಗೆ, ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್ ಅವರ ಹೆಸರು ಕೇಳಿದ್ದೀಯಾ? ತೆಲುಗು ಮನೆಮಾತಿನವರು, ಓದಿದ್ದು ಆಂಧ್ರದಲ್ಲಿ, ಆಮೇಲೆ ಕಲ್ಕತ್ತೆಯಲ್ಲಿ. ಅಲ್ಲಿ ಪಾಠ ಮಾಡುವಾಗ ವಿದ್ಯಾರ್ಥಿಯೊಬ್ಬ, ದೊಡ್ಡ ಮಾದರಿಗಳಿಗೆ ಹೇಳಿದ್ದು ಸಣ್ಣ ಮಾದರಿಗಳಿಗೂ ಸಲ್ಲುತ್ತದೆಯೇ ಎಂದು ಕೇಳಿದನಂತೆ. ಆ ಪ್ರಶ್ನೆಯ ಬೆನ್ನು ಹತ್ತಿ ಹೋದವರು 1945ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಯಾವ ಕಡೆಗೂ ವಾಲದ ಒಂದು ಅಂದಾಜಿನ ಚದುರುವಿಕೆಯನ್ನು ಎಷ್ಟೇ ಜಾಣತನದಿಂದ ಇಳಿಸಿದರೂ ಒಂದು ಮಿತಿಗಿಂತ ಕೆಳಗೆ ಇಳಿಸಲಾಗದು ಎಂದು ತೋರಿಸಿದರು. ಇವತ್ತಿಗೂ ಅದಕ್ಕೆ ಕ್ರೇಮರ್-ರಾವ್ ಮಿತಿ ಎಂದೇ ಹೆಸರು. ನೂರ ಎರಡು ವರ್ಷ ಬಾಳಿ 2023ರಲ್ಲಿ ತೀರಿಕೊಂಡರು. ಹಿಂದಿನ ಬೆಂಚಿನವರ ಬಾಯಿ ಮುಚ್ಚಿಸುತ್ತಿದ್ದ ನನಗೆ ಈ ಕಥೆ ತಿಳಿದದ್ದು ತಡವಾಗಿ.

ದಸರಾ ರಜಕ್ಕೆ ಬಾ. ಅಪ್ಪನ ಟ್ರಂಕಿನಲ್ಲಿ ಒಂದು ಉದ್ದನೆಯ ಪುಸ್ತಕ ಇದೆ. ಇಪ್ಪತ್ತೆರಡು ವರ್ಷ, ರೋಹಿಣಿಯಿಂದ ಸ್ವಾತಿಯವರೆಗೆ ಪ್ರತಿ ಮಳೆ ನಕ್ಷತ್ರದ ಎದುರಿಗೆ ಎಷ್ಟು ದಿನ ಮಳೆ ಬಂತೆಂದು ಬರೆದಿದ್ದಾರೆ. ಒಂದೊಂದು ನಕ್ಷತ್ರಕ್ಕೂ ಸರಾಸರಿ, ಸಿಗ್ಮಾ ತೆಗೆ. ಯಾವ ಮಳೆ ಮಾತಿಗೆ ನಿಲ್ಲುತ್ತದೆ, ಯಾವುದು ಪ್ರೈವೇಟ್ ಬಸ್ಸಿನ ಹಾಗೆ ಎಂದು ಇಬ್ಬರೂ ಕೂತು ನೋಡೋಣ. ಹಾಳೆ ಹುಷಾರಾಗಿ ತಿರುಗಿಸು, ಅಂಚು ಪುಡಿಯಾಗುತ್ತಿದೆ. ಒಂದು ವರ್ಷ ಉತ್ತರೆಯ ಎದುರು ಅಂಕಿಯೇ ಇಲ್ಲ, ಬರೀ ಒಂದು ಗೆರೆ ಎಳೆದಿದೆ. ಅದನ್ನು ಸೊನ್ನೆ ಎಂದು ಹಿಡಿಯಬೇಡ. ಆಗ ಅಮ್ಮನ ತವರಿನಲ್ಲಿ ನಾನು ಹುಟ್ಟಿದ್ದೆ, ಅಪ್ಪ ನೋಡಲು ಬಂದಿದ್ದರು. ಊರಲ್ಲಿ ಮಳೆ ಬಂತೋ ಇಲ್ಲವೋ ಬರೆಯಲು ಅವರು ಅಲ್ಲಿರಲಿಲ್ಲ.