ಕನ್ನಡದ ಓದು ಮತ್ತು ಗ್ರಾಮ ಪಂಚಾಯತಿ ಗ್ರಂಥಾಲಯ: ಸದಸ್ಯರಿಗೊಂದು ಅಧ್ಯಯನ ಪಾಠ

ಸಂವಿಧಾನದ 11ನೇ ಅನುಸೂಚಿಯಲ್ಲಿ ವಯಸ್ಕರ ಶಿಕ್ಷಣವು 19ನೇ ವಿಷಯ, ಗ್ರಂಥಾಲಯವು 20ನೆಯದು. ಪಟ್ಟಿಯಲ್ಲಿ ಒಂದರ ಕೆಳಗೊಂದು ಇರುವ ಈ ಎರಡು ಹೊಣೆಗಳು ಆಚರಣೆಯಲ್ಲಿ ದೂರ ಸರಿದಿವೆ. ಅಕ್ಷರ ಕಲಿಸುವುದು ಶಾಲೆಯ ಕೆಲಸ, ಗ್ರಂಥಾಲಯವು ಪತ್ರಿಕೆ ಓದುವವರ ಸ್ಥಳ ಎಂಬ ಭಾವನೆಯೇ ಸಾಮಾನ್ಯವಾಗಿದೆ. ಆದರೆ ಕಲಿತ ಅಕ್ಷರವು ಓದಿನ ಬಳಕೆಯಿಲ್ಲದಿದ್ದರೆ ಮರೆತುಹೋಗುತ್ತದೆ.

2011ರ ಜನಗಣತಿಯಂತೆ ರಾಜ್ಯದ ಸಾಕ್ಷರತೆ ಶೇ. 75.36, ಮಹಿಳೆಯರಲ್ಲಿ ಶೇ. 68.08. ಸಾಕ್ಷರರೆಂದು ಎಣಿಕೆಯಾದವರಲ್ಲಿಯೂ ಸಹಿ ಮಾಡಬಲ್ಲ, ಆದರೆ ಒತ್ತಕ್ಷರ ಬಂದೊಡನೆ ತಡವರಿಸುವವರು ಇದ್ದಾರೆ. ಸ್ವಸಹಾಯ ಸಂಘದ ಸದಸ್ಯೆಯೊಬ್ಬರು ಸಾಲಪತ್ರವನ್ನು ಓದಲಾಗದೆ ಸಹಿ ಮಾಡಿದರೆ, ಅದರ ಬಡ್ಡಿ ಮತ್ತು ಷರತ್ತುಗಳ ಭಾರ ಬೀಳುವುದು ಅವರ ಮೇಲೆಯೇ.

ಒಂದು ಕಾಲದ ಹಳ್ಳಿಯಾದ ಮಾರೇನಹಳ್ಳಿಯು ಇಂದು ವಿಜಯನಗರದ ಬಡಾವಣೆಗಳ ನಡುವೆ ಸೇರಿಹೋಗಿದೆ. ಸಮೀಪದ ಹಂಪಿನಗರದ ನಗರ ಕೇಂದ್ರ ಗ್ರಂಥಾಲಯವು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯುವಜನರ ನೆಲೆ. ಅವರಿಗೆ ಮೌನ ಬೇಕು. ಹೊಸದಾಗಿ ಅಕ್ಷರ ಕಲಿತವರಿಗೆ ಬೇಕಾದದ್ದು ಗಟ್ಟಿಯಾಗಿ ಓದುವ ಅವಕಾಶ. ಕೆಂಗೇರಿಯ ಆಚೆಗೆ ನಗರವು ವಿಸ್ತರಿಸುತ್ತಿರುವ ಪಂಚಾಯತಿಗಳಲ್ಲಿ ಮನೆಯಲ್ಲಿ ತಮಿಳು, ತೆಲುಗು, ಉರ್ದು, ಹಿಂದಿ ಆಡುವ ಮಕ್ಕಳೂ ಇದ್ದಾರೆ. ಅಂತಹ ಮಕ್ಕಳಿಗೆ ಕನ್ನಡವು ಕಿವಿಯಿಂದ ಮೊದಲು ಬಂದು ಅನಂತರ ಕಣ್ಣಿಗೆ ಬರುತ್ತದೆ. ಕಥೆಯನ್ನು ಕೇಳುತ್ತಲೇ ಪುಟ ನೋಡುವುದು ಅವರಿಗೆ ಹತ್ತಿರದ ದಾರಿ. ಕೊಠಡಿ ಒಂದೇ ಇದ್ದರೂ ವೇಳೆಯನ್ನು ಹಂಚಬಹುದು: ಬೆಳಿಗ್ಗೆ ಮೌನದ ಓದು, ಶಾಲೆ ಬಿಟ್ಟ ಮೇಲೆ ಮಕ್ಕಳ ಗಟ್ಟಿ ಓದು, ಸಂಜೆ ವಯಸ್ಕರ ಓದು. ಕೂಲಿಯಿಂದ ಮರಳುವ ವೇಳೆಗೆ ಬಾಗಿಲು ಮುಚ್ಚಿರುವ ಗ್ರಂಥಾಲಯದಿಂದ ದುಡಿಯುವವರಿಗೆ ಪ್ರಯೋಜನವಿಲ್ಲ.

ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ, 2020ರ ನವೆಂಬರ್‌ನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮವು ಮಕ್ಕಳಿಗೆ ಗ್ರಂಥಾಲಯದ ಉಚಿತ ಸದಸ್ಯತ್ವ ನೀಡಿತು. ನೋಂದಣಿಯಾದ ಮಕ್ಕಳ ಸಂಖ್ಯೆಯನ್ನಷ್ಟೇ ಸಭೆಯಲ್ಲಿ ಕೇಳಿದರೆ ಸಾಲದು. ಕಳೆದ ತಿಂಗಳು ಎಷ್ಟು ಪುಸ್ತಕ ಮನೆಗೆ ಹೋಯಿತು ಎಂಬುದೇ ಸರಿಯಾದ ಪ್ರಶ್ನೆ. ಕಪಾಟಿಗೆ ಬೀಗ ಹಾಕಿ ಪುಸ್ತಕವನ್ನು ಜೋಪಾನ ಮಾಡುವುದು ಗ್ರಂಥಾಲಯ ಸೇವೆ ಎನಿಸದು. 15 ವರ್ಷ ಮೇಲ್ಪಟ್ಟವರಿಗಾಗಿ ಇರುವ ‘ಉಲ್ಲಾಸ್’ ಕಾರ್ಯಕ್ರಮದ ಕಲಿಕಾರ್ಥಿಗಳನ್ನೂ ಸದಸ್ಯರನ್ನಾಗಿಸಿ, ದೊಡ್ಡ ಅಕ್ಷರದ ಕಿರುಪುಸ್ತಕಗಳನ್ನು ಅವರಿಗೆ ಒದಗಿಸುವುದು ಅಗತ್ಯ. ಪ್ರಥಮ್ ಬುಕ್ಸ್ ಸಂಸ್ಥೆಯ ‘ಸ್ಟೋರಿವೀವರ್’ ತಾಣದಲ್ಲಿ ಓದಿನ ಹಂತಕ್ಕೆ ತಕ್ಕಂತೆ ವಿಂಗಡಿಸಿದ ಕನ್ನಡ ಕಥೆಗಳು ಉಚಿತವಾಗಿ ದೊರೆಯುತ್ತವೆ. ಅವುಗಳನ್ನು ಮುದ್ರಿಸಿಯೂ ಇಡಬಹುದು.

ಹಣದ ಪ್ರಶ್ನೆಗೆ 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದಲ್ಲಿ ಉತ್ತರವಿದೆ. ಆಸ್ತಿ ತೆರಿಗೆಯ ಮೇಲೆ ಶೇ. 6ರಷ್ಟು ಗ್ರಂಥಾಲಯ ಕರ ವಸೂಲಾಗುತ್ತದೆ. 10 ಲಕ್ಷ ರೂಪಾಯಿ ತೆರಿಗೆಗೆ ಕರದ ಮೊತ್ತ 60,000 ರೂಪಾಯಿ. ಅದರ ಅರ್ಧವನ್ನು ಪುಸ್ತಕಕ್ಕೆ ಬಳಸಿದರೂ, ತಲಾ 100 ರೂಪಾಯಿಯಂತೆ 300 ಪುಸ್ತಕಗಳು ಬರುತ್ತವೆ. ಆಯವ್ಯಯದ ಸಭೆಯಲ್ಲಿ ಈ ಬಾಬ್ತಿನ ವಸೂಲಿ ಮತ್ತು ವೆಚ್ಚಗಳೆರಡನ್ನೂ ಸದಸ್ಯರು ಪರಿಶೀಲಿಸತಕ್ಕದ್ದು.

ಓದಿಸಲು ಪುಸ್ತಕವೇ ಬೇಕೆಂದಿಲ್ಲ. ಉದ್ಯೋಗ ಚೀಟಿ, ತೆರಿಗೆ ರಸೀದಿ, ಗ್ರಾಮ ಸಭೆಯ ತಿಳಿವಳಿಕೆ ಪತ್ರ ಇವೆಲ್ಲ ಪಾಠಗಳೇ. ಆದರೆ ಕಚೇರಿಯ ಕನ್ನಡವು ಓದಬಲ್ಲವರನ್ನೂ ದಣಿಸುತ್ತದೆ. ಪ್ರಸ್ತುತ ಪಾಠವೂ ಅದಕ್ಕೆ ಹೊರತಲ್ಲ. ಆದುದರಿಂದ ಗ್ರಾಮ ಸಭೆಯ ಪ್ರಕಟಣೆಯನ್ನು ಹೊರಡಿಸುವ ಮುನ್ನ ಗ್ರಂಥಾಲಯದಲ್ಲಿ ಹೊಸ ಓದುಗರೊಬ್ಬರಿಂದ ಗಟ್ಟಿಯಾಗಿ ಓದಿಸಿ, ಅವರು ತಡವರಿಸಿದ ಪದಗಳನ್ನು ಬದಲಿಸುವುದು ಸೂಕ್ತ.